ಊಂ ಅನ್ನದ ಊರಿನಲ್ಲಿ ಹದಿನಾಲ್ಕು ದಿನ

ಇಂಗ್ಲೆಂಡಿಗೆ ಹೋಗಿ ಬಂದೆ ಅಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಮೂರೇ ಮಾತು. ಚಳಿ ಹೆಂಗಿತ್ತು, ಊಟಕ್ಕೆ ಏನು ಮಾಡಿದೆ, ರಾಣಿ ಅರಮನೆ ನೋಡಿದೆಯಾ. ಚಳಿ ಇತ್ತು. ಊಟಕ್ಕೆ ಹುರಿಹಿಟ್ಟು ಇತ್ತು. ಅರಮನೆ ನೋಡಲಿಲ್ಲ. ವರ್ಷಾ ವರ್ಷ ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಸಾಲಾಗಿ ನಿಲ್ಲಿಸಿ ತಲೆ ಎಣಿಸಿ ಎಣಿಸಿ, ಅರಮನೆ ಅಂದರೆ ನನಗೆ ಒಂದು ತಲೆ ಕಮ್ಮಿ ಬಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ನಾಲ್ಕನೆಯ ಮಾತನ್ನು ಯಾರೂ ಕೇಳಲಿಲ್ಲ. ಅಷ್ಟು ದೂರ ಹೋಗಿ ಯಾಕೆ ಮುಖ ಊದಿಸಿಕೊಂಡು ಬಂದೆ ಅಂತ. ಅದನ್ನು ಹೇಳುತ್ತೇನೆ. ಸಿಟ್ಟು ಇನ್ನೂ ಆರಿಲ್ಲ. ಬರವಣಿಗೆಯಲ್ಲಿ ಅಲ್ಲಲ್ಲಿ ತಳ ಹಿಡಿದ ವಾಸನೆ ಬಂದರೆ ಸಹಿಸಿಕೊಳ್ಳಬೇಕು.

ಹೊರಡುವ ಮುಂಚೆ

ನಾನು ಹುಟ್ಟಿದ್ದು ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ. ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದರು, ನನ್ನನ್ನು ಸಾಕಿದ್ದು ಅಜ್ಜಿ. ಅವಳೂ ಕೂಲಿಯವಳೇ. ನನ್ನನ್ನು ಗದ್ದೆ ಬದುವಿನ ಮೇಲೆ ಕೂರಿಸಿ, ತಾನು ಬಗ್ಗಿ ಪೈರು ನೆಡುತ್ತ, ಹಿಂದೆ ಹಿಂದೆ ಸರಿಯುತ್ತ ಕಥೆ ಹೇಳುತ್ತಿದ್ದಳು. ಅವಳು ದೂರ ಸರಿದಷ್ಟೂ ದನಿ ಏರುತ್ತಿತ್ತು. ಅಕ್ಷರ ಒಂದೂ ಗೊತ್ತಿರಲಿಲ್ಲ. ಕಥೆಗೆ ಮಾತ್ರ ಒಂದು ಕಟ್ಟಳೆ ಇತ್ತು. ಕೇಳುವವರು ಮಾತು ಮಾತಿಗೂ ಊಂ ಅನ್ನಬೇಕು. ಊಂ ನಿಂತರೆ ಕಥೆಯೂ ನಿಂತಿತು.

"ಊಂ ಅನ್ನಮ್ಮಿ. ನಾನೇನು ಬದುಗೆ ಯೋಳ್ತಾ ಇದ್ದೀನಾ?"

ಕಿವಿ ಎಲ್ಲೋ ಇಟ್ಟು ಬಾಯಲ್ಲಿ ಮಾತ್ರ ಊಂ ಅನ್ನುವ ಕಳ್ಳರು ಇರುತ್ತಾರಲ್ಲ, ಅವರಿಗೂ ಅಜ್ಜಿಯ ಹತ್ತಿರ ಮದ್ದಿತ್ತು. ಕಥೆಯ ನಡುವೆ ಒಂದು ಸುಳ್ಳು ತೂರಿಸುತ್ತಿದ್ದಳು. ಅವಳದೊಂದು ಏಡಿಯ ಕಥೆ. ಗದ್ದೆಯವನು ಬದು ಕಟ್ಟುವಾಗ ಗುದ್ದಲಿ ತಾಗಿ ಏಡಿಯ ಒಂದು ಕೈ ಮುರಿಯುತ್ತದೆ, ಅದರ ಮನೆಯೂ ಹೋಗುತ್ತದೆ. ಪಾಪ, ಅದು ಮನೆ ಹುಡುಕಿಕೊಂಡು ಹೊರಡುತ್ತದೆ. ಮೊದಲು ಸಿಗುವುದು ಕಪ್ಪೆಯ ಮನೆ.

"ಏಡಿ ಎಲ್ಡೂ ಕೈಲಿ ಕಪ್ಪೆ ಮನೆ ಬಾಗ್ಲು ತಟ್ತು."

"ಊಂ."

"ಊಂ ಅಂತೆ. ಒಂದು ಕೈ ಗದ್ದೇಲೇ ಮುರ್ದೋಗ್ಲಿಲ್ವಾ? ನಿನ್ ಕಿವಿ ಎಲ್ಲಿ ಮೇಯಕ್ಕೋಗಿತ್ತು?"

ಆಮೇಲೆ ಕಥೆ ಮೊದಲಿಂದ. ಹಾಗೆ ನಾನು ಕೇಳುವುದನ್ನು ಕಲಿತೆ. ಕೇಳಲು ಬಂದದ್ದರಿಂದ ಓದಲು ಬಂತು, ಓದಲು ಬಂದದ್ದರಿಂದ ನಮ್ಮ ಮನೆಯಲ್ಲಿ ಮೊದಲ ಸಲ ತಿಂಗಳ ಸಂಬಳ ಬಂತು. ನರಸೀಪುರದಿಂದ ಸ್ವಲ್ಪ ಆಚೆ, ನಾಲೆ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರಾದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಒಂದು ಸಂಸ್ಥೆಯವರು ನಮ್ಮ ಎರಡು ತಾಲ್ಲೂಕುಗಳಿಗೆ ಹೊಸ ಯೋಜನೆ ತಂದರು. ದಿನಕ್ಕೆ ಅರ್ಧ ಗಂಟೆ ಮಕ್ಕಳಿಗೆ ಪುಸ್ತಕದಿಂದ ಕಥೆ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿ ಕೇಳಿ ಮಕ್ಕಳಿಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಬರುತ್ತದೆ. ನನಗೋ ಹಬ್ಬ. ಪುಸ್ತಕದ ಜೊತೆಗೆ ಅವರ ನಿಯಮದ ಹಾಳೆಯೂ ಬಂತು. ಓದುವಾಗ ಮಕ್ಕಳು ಕೈಕಟ್ಟಿ ಕೂರಬೇಕು, ಅಡ್ಡ ಮಾತು ಕೂಡದು, ಓದು ನಡುವೆ ನಿಲ್ಲಬಾರದು. ನಾನು ಹಾಗೇ ಕೂರಿಸಿದೆ, ಹಾಗೇ ಓದಿದೆ. ವರ್ಷದ ಕೊನೆಗೆ ಕ್ಯಾಮೆರಾ ತಂದು, ಓದುವುದನ್ನೂ ಆಮೇಲೆ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನೂ ಹಿಡಿದುಕೊಂಡು ಹೋದರು.

ಸಂಸ್ಥೆಗೆ ನೆರವು ಕೊಡುವವರು ಇಂಗ್ಲೆಂಡಿನ ಒಂದು ಸಣ್ಣ ಊರಿನವರು. ಅಲ್ಲಿ ಕಥೆ ಓದುವ ರೀತಿ ನೋಡಿ ಬರಲಿ ಅಂತ ತಾಲ್ಲೂಕಿಗೆ ಒಬ್ಬರಂತೆ ಆರಿಸಿದರು. ನಂಜನಗೂಡಿನಿಂದ ಶ್ರೀಕಂಠ ಮೇಷ್ಟ್ರು, ನರಸೀಪುರದಿಂದ ನಾನು. ಕರೆದುಕೊಂಡು ಹೋಗುವವರು ಸಂಸ್ಥೆಯ ಮುಖ್ಯಸ್ಥ ವಿಶ್ವನಾಥ್ ಸರ್. ಕೊನೆಯ ದಿನ ಅಲ್ಲೊಂದು ಸಭೆ, ಕಥೆಯ ಅರ್ಧ ಗಂಟೆ ಮುಂದಿನ ವರ್ಷ ಯಾವ ಯಾವ ಶಾಲೆಗೆ ಇರಬೇಕು, ಯಾವುದಕ್ಕೆ ಬೇಡ ಅನ್ನುವುದು ಅಲ್ಲೇ ತೀರ್ಮಾನ. ಅಲ್ಲಿ ನಮಗೆ ಐದೈದು ನಿಮಿಷ ಮಾತು.

ಲಂಡನ್: ಹುರಿಹಿಟ್ಟು

ವಿಮಾನದ ಸಂಗತಿ ಬಿಟ್ಟುಬಿಡುತ್ತೇನೆ. ಇಳಿದ ಮೇಲೆ ಕೈಗವಸು ಹಾಕಿದ ಒಬ್ಬಳು ಹುಡುಗಿ ನನ್ನ ಚೀಲ ಬಿಚ್ಚಿಸಿ, ಎರಡು ಕಿಲೋ ಹುರಿಹಿಟ್ಟಿನ ಗಂಟು ಎತ್ತಿ ಹಿಡಿದು, ಏನಿದು ಅಂದಳು. ಶ್ರೀಕಂಠ ಮೇಷ್ಟ್ರು ದೇವಸ್ಥಾನದ ಮನೆತನದವರು, ಸಂಸ್ಕೃತದಷ್ಟೇ ಗಂಭೀರವಾಗಿ ಇಂಗ್ಲಿಷ್ ಮಾತಾಡುತ್ತಾರೆ. ಅವರ ರಾಗಿ ವರ್ಣನೆ ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು, ತಿನ್ನುವ ವಸ್ತು ಕಣವ್ವಾ ಅಂತ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಸಿಕ್ಕಿತು. ಕೆಮ್ಮಿದೆ. ಆ ಹುಡುಗಿಯ ಕಪ್ಪು ಕೋಟು ಪೂರ್ತಿ ರಾಗಿ ಬಣ್ಣವಾಯಿತು. ಅವಳು ಕೋಟು ನೋಡಿಕೊಂಡಳು, ನನ್ನನ್ನು ನೋಡಿದಳು, ಒಂದು ಬಾಟಲಿ ನೀರು ಕೊಟ್ಟು ಹೋಗು ಅಂದಳು.

"ಈ ದೇಶ ನಮ್ಮನ್ನ ಮರೆಯೋಲ್ಲ ಬಿಡಿ ರತ್ನಮ್ಮ" ಅಂದರು ಮೇಷ್ಟ್ರು.

ಡೊರೀನ್ ಮನೆ

ನೆರವು ಕೊಡುವವರ ಆ ಸಣ್ಣ ಊರಿನಲ್ಲಿ ನನ್ನನ್ನು ಇಳಿಸಿದ್ದು ಡೊರೀನ್ ಎಂಬ ಅರವತ್ತೈದರ ಹೆಂಗಸಿನ ಮನೆಯಲ್ಲಿ. ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ದನಿ ನಮ್ಮಜ್ಜಿಯಷ್ಟೇ ದೊಡ್ಡದು. ಆ ಊರಿನಲ್ಲಿ ಎಲ್ಲರನ್ನೂ 'ಲವ್' ಅನ್ನುತ್ತಾರೆ. ಬಸ್ಸಿನ ಡ್ರೈವರು ಚೀಟಿ ಕೊಡುತ್ತ ನನ್ನನ್ನು ಲವ್ ಅಂದಾಗ ನಾನು ಹಿಂದಕ್ಕೆ ತಿರುಗಿ ನೋಡಿದೆ, ಇವನ ಹೆಂಡತಿ ಎಲ್ಲಿ ನಿಂತಿದ್ದಾಳೆ ಅಂತ. ಆಮೇಲೆ ತಿಳಿಯಿತು, ನಮ್ಮವರು ಗುರುತಿಲ್ಲದವರನ್ನೂ 'ತಾಯಿ' ಅನ್ನುವುದಿಲ್ಲವೇ, ಹಾಗೆ.

ಸ್ನಾನದ ಮನೆಯಲ್ಲಿ ಮಲಗುವಷ್ಟು ದೊಡ್ಡ ತೊಟ್ಟಿ ಇತ್ತು, ಚೊಂಬು ಇರಲಿಲ್ಲ. ನೀರು ಮೈಮೇಲೆ ಸುರಿದುಕೊಳ್ಳದೆ ಸ್ನಾನ ಹೇಗೆ? ಅಡುಗೆಮನೆಯಿಂದ ಒಂದು ಚಂದದ ಜಗ್ಗು ಒಯ್ದು ಒಂದು ವಾರ ಮಿಂದೆ. ಭಾನುವಾರ ಡೊರೀನ್ ಅದೇ ಜಗ್ಗಿನಲ್ಲಿ ಮಾಂಸದ ಗೊಜ್ಜು ತಂದು ಬಡಿಸಿದಾಗ ನಾನು ಹೊಟ್ಟೆ ಸರಿಯಿಲ್ಲ ಅಂದೆ.

ಅವಳ ಮೊಮ್ಮಗಳು ಕೇಟಿ, ನಾಲ್ಕು ವರ್ಷ, ಪಕ್ಕದ ಬೀದಿ. ದಿನಾ ಸಂಜೆ ಬರುತ್ತಿದ್ದಳು. ಡೊರೀನ್ ಅವಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಒಂದು ಪುಸ್ತಕ ಓದುತ್ತಿದ್ದಳು. ನಾನು ಬೆರಗಾಗಿ ನೋಡಿದ್ದು ಆ ಮಗುವನ್ನು. ಒಂದು ಊಂ ಇಲ್ಲ, ಒಂದು ಆಂ ಇಲ್ಲ. ಪಾಪ, ಕಿವಿ ಮಂದವೇನೋ ಅಂದುಕೊಂಡೆ. ಮೂರನೆಯ ಸಂಜೆ ಡೊರೀನ್‌ಗೆ ಸುಸ್ತು, ಎರಡು ಹಾಳೆ ಒಟ್ಟಿಗೆ ಮಗುಚಿದಳು. ಕೇಟಿ ಪುಟ್ಟ ಕೈಯನ್ನು ಪುಸ್ತಕದ ಮೇಲೆ ಇಟ್ಟಳು.

"ಕರಡಿ ಇನ್ನೂ ದೋಣಿ ಹತ್ತಿಲ್ಲ" ಅಂದಳು.

ಕಿವಿ ಮಂದವಲ್ಲ. ಅವಳಿಗೆ ಕಥೆ ಎಲ್ಲಿದೆ ಅಂತ ಅಂಗುಲ ಅಂಗುಲ ಗೊತ್ತು. ನಮ್ಮಜ್ಜಿ ಬೇಕೆಂದು ತಪ್ಪುತ್ತಿದ್ದಳು, ಡೊರೀನ್ ಸುಸ್ತಿಗೆ ತಪ್ಪಿದಳು. ಸಿಕ್ಕಿಬಿದ್ದದ್ದು ಮಾತ್ರ ಒಂದೇ ರೀತಿ.

ಐದನೆಯ ದಿನ: ಪರದೆ

ಅಂದು ಊರಿನ ಸಭಾಂಗಣದಲ್ಲಿ ವಿಶ್ವನಾಥ್ ಸರ್ ಭಾಷಣ. ನೆರವು ಕೊಡುವವರು, ಅಲ್ಲಿಯ ಟೀಚರುಗಳು, ಒಟ್ಟು ಮೂವತ್ತು ಜನ. ಕಿಟಕಿಗೆ ಪರದೆ ಎಳೆದರು. ಗೋಡೆಯ ಮೇಲೆ ಚಿತ್ರ ಬಂತು. ನೋಡಿದರೆ ನನ್ನ ಕ್ಲಾಸು. ಮುಂದಿನ ಸಾಲಿನಲ್ಲಿ ನನ್ನ ಮಾದೇವಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕೈಕಟ್ಟಿಕೊಂಡು. ಐದು ಸಾವಿರ ಮೈಲಿ ದೂರದಲ್ಲಿ ನಮ್ಮ ಹುಡುಗಿಯನ್ನು ಕಂಡು ನನಗೆ ಎದ್ದು ಹೋಗಿ ಗೋಡೆ ಸವರೋಣ ಅನ್ನಿಸಿತು.

ನಾನು ಕಥೆ ಓದುವ ದನಿ ಕೇಳಿತು, ಒಂದು ಹುಲಿಯ ಕಥೆ. ಮುಗಿದ ಮೇಲೆ ಸಂಸ್ಥೆಯವರು ಕೇಳುತ್ತಾರೆ, ಹುಲಿ ಯಾಕೆ ವಾಪಸ್ಸು ಬಂತು? ಮಾದೇವಿ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದರು. ಬಿಡಲಿಲ್ಲ. ಅವಳ ಕಣ್ಣು ಕ್ಯಾಮೆರಾದ ಆಚೆ ಎಲ್ಲೋ ನೋಡುತ್ತಿತ್ತು. ಆ ಮೌನವನ್ನು ಬೇಕೆಂದೇ ಉದ್ದಕ್ಕೆ ಬಿಟ್ಟಿದ್ದರು. ಆಮೇಲೆ ದೊಡ್ಡ ಅಕ್ಷರದ ಒಂದು ಸಾಲು ಬಂತು. ನನ್ನ ಇಂಗ್ಲಿಷ್ ಓದುವಷ್ಟಿದೆ, ಜಗಳ ಆಡುವಷ್ಟಿಲ್ಲ. ಓದಿದೆ. ಮನೆಯಲ್ಲಿ ಮಾತಿಲ್ಲದ ಮಗು.

ಮಾತಿಲ್ಲದ ಮನೆಯಂತೆ. ಮಾದೇವಿಯ ಅಜ್ಜಿ ಚಿಕ್ಕತಾಯಮ್ಮ ನರಸೀಪುರದಲ್ಲಿ ಸೊಪ್ಪು ಮಾರುವವಳು. ಅವಳ ಬಾಯಿಗೆ ಸಂತೆಗೆ ಸಂತೆಯೇ ಹೆದರುತ್ತದೆ. ಒಂದು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡರೆ ಒಂದು ಪುರಾಣ ಕೊಸರು. ಅವಳ ಮನೆಯಲ್ಲಿ ಮಾತಿಲ್ಲ ಅಂತ ಬರೆದವನು ಆ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರೆ ಬೈಗುಳವಾದರೂ ಸಿಗುತ್ತಿತ್ತು.

ವಿಶ್ವನಾಥ್ ಸರ್ ಮುಂದುವರಿಸಿದರು. ಇಂಥ ಮನೆಗಳ ಮಕ್ಕಳಿಗೆ ಕಥೆ ಓದಿ ಪ್ರಯೋಜನವಿಲ್ಲ, ಇವರಿಗೆ ಅಕ್ಷರದ ಕಾರ್ಡು ಕೊಟ್ಟು ತಿದ್ದಿಸಿದರೆ ಸಾಕು. ಕಥೆಯ ಅರ್ಧ ಗಂಟೆ ಪಟ್ಟಣದ ಶಾಲೆಗಳಿಗೆ ಇರಲಿ. ತಲೆಗಳು ಅಲ್ಲಾಡಿದವು. ಬಿಸ್ಕತ್ತು ಬಂತು.

ಟೀ ಹೊತ್ತಿನಲ್ಲಿ ಅವರೇ ನನ್ನ ಹತ್ತಿರ ಬಂದರು. ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ.

"ನಿಮ್ಮ ತಪ್ಪಲ್ಲ ಮೇಡಂ. ನೀವು ನಿಯಮದ ಪ್ರಕಾರ ಓದಿದ್ದೀರಿ. ಆ ಮಕ್ಕಳ ಬ್ಯಾಕ್‌ಗ್ರೌಂಡೇ ಹಾಗೆ."

"ಆ ಬ್ಯಾಕ್‌ಗ್ರೌಂಡು ನಂದೂ ಹೌದು ಸರ್."

"ಛೆ ಛೆ, ನಿಮ್ಮನ್ನ ಹೇಳಲಿಲ್ಲ. ನೀವು ಎಕ್ಸೆಪ್ಷನ್."

ಎಕ್ಸೆಪ್ಷನ್. ಅಂದರೆ ನಮ್ಮಜ್ಜಿ ಯಾರೂ ಅಲ್ಲ, ನಾನು ಆಕಾಶದಿಂದ ಉದುರಿದೆ. ಕೈಯಲ್ಲಿದ್ದ ಬಿಸ್ಕತ್ತು ಪುಡಿಯಾಯಿತು. ಶ್ರೀಕಂಠ ಮೇಷ್ಟ್ರು ಪಕ್ಕದಿಂದ ಮೆಲ್ಲಗೆ ಅಂದರು, "ಪಿಂಗಾಣಿ ಬಟ್ಟಲು ಕೆಳಗಿಡಿ ರತ್ನಮ್ಮ. ಅದು ಅವರದಲ್ಲ, ಈ ಊರಿನವರದು."

ಶನಿವಾರ: ಲೈಬ್ರರಿ

ಎರಡು ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಶನಿವಾರ ಡೊರೀನ್ ಎಳೆದುಕೊಂಡು ಲೈಬ್ರರಿಗೆ ಹೋದಳು. ಅಲ್ಲಿ ವಾರಕ್ಕೊಮ್ಮೆ ಬೆಳಗ್ಗೆ ಊರಿನ ಮಕ್ಕಳಿಗೆ ಕಥೆ ಓದುವವಳು ಅವಳೇ. ಲೈಬ್ರರಿಯಲ್ಲಿ ಮಕ್ಕಳು ಕಾಲು ಚಾಚಿ, ಹೊಟ್ಟೆ ಮೇಲೆ ಮಲಗಿ, ಒಬ್ಬರ ಮೇಲೊಬ್ಬರು ಬಿದ್ದುಕೊಂಡು. ನಮ್ಮಲ್ಲಾಗಿದ್ದರೆ ಇದನ್ನು ಕ್ಲಾಸು ಅನ್ನುವುದಿಲ್ಲ, ಸಂತೆಯಿಂದ ವಾಪಸಾದ ಲಾರಿ ಅನ್ನುತ್ತಾರೆ. ಡೊರೀನ್ ಹಾಳೆ ತಿರುವುವ ಮುಂಚೆ ಕೈ ತಡೆದು, ಮುಂದೆ ಏನಾದೀತು ಅಂತ ಕೇಳುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಉತ್ತರ. ತಪ್ಪು ಉತ್ತರಕ್ಕೆ ಅವಳು ತಪ್ಪು ಅನ್ನಲಿಲ್ಲ, ನೋಡೋಣ ಬಾ ಅಂದಳು.

ಅವಳದು ಮುಗಿದ ಮೇಲೆ ನನ್ನನ್ನು ಕೂರಿಸಿದಳು. "ನಿಮ್ಮ ಕಡೆಯದೊಂದು ಹೇಳು ಲವ್."

ಅಜ್ಜಿಯ ಏಡಿಯನ್ನೇ ನನ್ನ ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಒಂದು ಗದ್ದೆಯಲ್ಲಿ ಒಂದು ಏಡಿ ಇತ್ತು. ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ. ಅದು ಬದುವಿನಲ್ಲಿ ತೂತು ಕೊರೆದು ಮನೆ ಮಾಡಿಕೊಂಡಿತ್ತು. ನಿಲ್ಲಿಸಿದೆ. ಇಪ್ಪತ್ತು ಜೊತೆ ನೀಲಿ ಕಣ್ಣು, ಸದ್ದಿಲ್ಲ. ಗದ್ದೆಯವನು ಬಂದ, ಗುದ್ದಲಿ ಎತ್ತಿದ, ಏಡಿಯ ಕೈ ಮುರಿಯಿತು. ನಿಲ್ಲಿಸಿದೆ. ಮುಂದಿನ ಮಾತು ಬಾಯಿಗೆ ಬರಲೇ ಇಲ್ಲ. ಮರೆತಿರಲಿಲ್ಲ. ಆ ಕಡೆಯಿಂದ ಒಂದು ಊಂ ಬಾರದೆ ನಾಲಗೆ ಮುಂದಕ್ಕೆ ಹೋಗಲೊಲ್ಲದು. ಕಾದೆ.

ಅವರೂ ಕಾದರು. ಆಮೇಲೆ ಯಾರದೋ ತಾಯಿ, ಕಥೆ ಮುಗಿಯಿತೆಂದು, ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ತಾಯಂದಿರು ಕೋಟು ಹಾಕಿಸಿ ಮಕ್ಕಳನ್ನು ಹೊರಡಿಸಿದರು. ಕೇಟಿ ಒಬ್ಬಳು ನನ್ನ ಸೀರೆ ನಿರಿಗೆ ಹಿಡಿದು ನಿಂತಳು.

"ಅದಕ್ಕೆ ಮನೆ ಸಿಗಲೇ ಇಲ್ಲವಾ?"

ಅವಳಿಗೆ ಅಲ್ಲೇ ಕೂತು ಪೂರ್ತಿ ಹೇಳಿದೆ. ಉಳಿದ ಮಕ್ಕಳು ಇಂಡಿಯಾದ ಕಥೆ ಅಂದರೆ ಗುದ್ದಲಿ ಏಟಿಗೆ ಮುಗಿಯುವಂಥದ್ದು ಅಂತಲೇ ಇಂದಿಗೂ ತಿಳಿದಿರಬೇಕು.

ಮನೆಗೆ ನಡೆಯುವಾಗ ಡೊರೀನ್ ಕೇಳಿದಳು, ಯಾಕೆ ನಿಲ್ಲಿಸಿದೆ ಅಂತ. ಅಜ್ಜಿ, ಊಂ, ನಡುವೆ ತೂರಿಸುವ ಸುಳ್ಳು, ಎಲ್ಲ ಹೇಳಿದೆ. ಅವಳಿಗೆ ಬಲು ಇಷ್ಟವಾಯಿತು. ದಾರಿಯುದ್ದಕ್ಕೂ ಊಂ, ಊಂ ಅಂತ ಹೇಳಿ ನೋಡಿಕೊಂಡಳು. ಆಮೇಲೆ ನಗುತ್ತ ಅಂದಳು, "ಹಾಗಾದರೆ ನಿನ್ನ ಕ್ಲಾಸಿನಲ್ಲಿ ದಿನಾ ಎಂಥ ಸದ್ದಿರಬೇಕು."

ಹೌದು ಅನ್ನಲು ಬಾಯಿ ತೆರೆದೆ. ಹೌದು ಬರಲಿಲ್ಲ.

ನನ್ನ ಕ್ಲಾಸಿನಲ್ಲಿ ಸದ್ದಿಲ್ಲ. ಮೊದಲ ವಾರ ಇತ್ತು. ನಾನು ಹುಲಿಯ ಕಥೆ ಓದಿದಾಗ ಆ ಮಕ್ಕಳು ಯಾರೂ ಹೇಳಿಕೊಡದೆ ತಾವಾಗಿ ಊಂ ಅಂದಿದ್ದರು. ಮೂವತ್ತು ಮಕ್ಕಳ ಊಂ ಅಂದರೆ ಜೇನು ಎದ್ದ ಹಾಗೆ. ಗೋಡೆ ಪಕ್ಕ ಕೂತಿದ್ದ ಸಂಸ್ಥೆಯ ಹುಡುಗಿ ತನ್ನ ಹಾಳೆಯಲ್ಲಿ 'ಗದ್ದಲ' ಅಂತ ಬರೆದಳು. ನಾನು ಮರದ ಸ್ಕೇಲು ತೆಗೆದುಕೊಂಡೆ. ಹದಿನೈದು ದಿನದಲ್ಲಿ ಸದ್ದು ಅಡಗಿತು. ಅಡಗಿಸಿದವಳು ನಾನು, ಊಂ ತಿಂದು ಬೆಳೆದವಳು.

ಅಲ್ಲಿಯ ತನಕ ನನ್ನ ಸಿಟ್ಟು ಕೋಟು ಹಾಕಿಕೊಂಡು ಓಡಾಡುತ್ತಿತ್ತು, ಹೆಸರು ವಿಶ್ವನಾಥ್ ಸರ್. ಈಗ ಅದು ಸೀರೆ ಉಟ್ಟು ಬಂದು ಎದುರಿಗೆ ನಿಂತಿತು. ಡೊರೀನ್, ಯಾಕೆ ಲವ್, ಚಳಿಯಾ ಅಂದಳು. ಚಳಿ ಅಂದೆ.

ಕೊನೆಯ ದಿನ

ಅದೇ ಸಭಾಂಗಣ, ಅದೇ ಬಿಸ್ಕತ್ತು. ಡೊರೀನ್ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದಳು. ತೀರ್ಮಾನದ ಹಾಳೆಗಳು ಮೊದಲೇ ಅಚ್ಚಾಗಿ ಮೇಜಿನ ಮೇಲೆ ಜೋಡಿಸಿದ್ದವು. ಅಂದರೆ ನಮ್ಮ ಐದು ನಿಮಿಷ ಊಟದ ಮೇಲಿನ ಎಲೆ ಅಡಿಕೆ ಇದ್ದ ಹಾಗೆ. ಶ್ರೀಕಂಠ ಮೇಷ್ಟ್ರು ತಮ್ಮ ಸರದಿ ಬಂದಾಗ, "ನನ್ನ ಐದು ನಿಮಿಷವೂ ಇವರದೇ, ನಾನು ಇಂಗ್ಲಿಷ್ ಮಾಡ್ತೀನಿ" ಅಂದುಬಿಟ್ಟರು. ನಾನು ಕನ್ನಡದಲ್ಲಿ ಶುರು ಮಾಡಿದೆ. ನನ್ನ ಭಾಷೆಯಲ್ಲಿ ನನಗೆ ಜಗಳ ಬರುತ್ತದೆ.

"ಅವತ್ತಿನ ಚಿತ್ರ ಇನ್ನೊಂದು ಸಲ ಹಾಕಿ ಸರ್."

ಹಾಕಿದರು. ಮಾದೇವಿ ಬಂದಳು, ನನ್ನ ಓದುವ ದನಿ ಬಂತು. ಹಿಂದಿನ ಸಲ ನಾನು ಜಡೆ ನೋಡುತ್ತ ಕೂತಿದ್ದೆ. ಈ ಸಲ ಬಾಯಿ ನೋಡಿದೆ. ಹುಲಿ ಗುಹೆ ಬಿಟ್ಟು ಹೊರಟಿತು ಅಂತ ನಾನು ಓದಿದೊಡನೆ ಅವಳ ತುಟಿ ಕೂಡಿತು, ಕುತ್ತಿಗೆ ಒಂದಿಷ್ಟು ಕುಣಿಯಿತು. ಆ ಕ್ಷಣಕ್ಕೇ ಚಿತ್ರದ ಅಂಚಿನಿಂದ ಒಂದು ಕೈ ಬಂತು, ಹಸಿರು ಬಳೆ, ಮರದ ಸ್ಕೇಲು. ಸ್ಕೇಲು ಮೇಜಿಗೆ ಒಂದು ಸಲ ತಾಗಿತು. ಮಾದೇವಿಯ ತುಟಿ ಒಳಕ್ಕೆ ಹೋಯಿತು.

"ನಿಲ್ಸಿ" ಅಂದೆ. ನಿಂತಿತು. "ಆ ಕೈ ನಂದು. ಆ ಮಗು ಊಂ ಅಂತು. ಊಂ ಅಂದ್ರೆ, ಗೊತ್ತಾಯ್ತು, ಮುಂದಕ್ಕೆ ಯೋಳು ಅಂತ. ನಮ್ಮ ಕಡೆ ಕಥೆ ಕೇಳೋದೇ ಹಾಗೆ. ನಿಮ್ಮ ನಿಯಮ ಅದನ್ನ ಗದ್ದಲ ಅಂತು, ನನ್ನ ಸ್ಕೇಲು ಅದನ್ನ ಹೊಡೀತು. ಆಮೇಲೆ ಪ್ರಶ್ನೆ ಕೇಳಿದಾಗ ಅವಳು ನೋಡ್ತಾ ಇರೋದು ಏನನ್ನ? ಸ್ಕೇಲನ್ನ. ಬಾಯಿ ಮುಚ್ಚಿಸಿದೋರು ನಾವು. ಮನೇಲಿ ಮಾತಿಲ್ಲ ಅಂತ ಬರೆದೋರೂ ನಾವು."

ಮೇಷ್ಟ್ರು ಇಂಗ್ಲಿಷಿಗೆ ತಿರುಗಿಸುವಾಗ ಅವರ ದನಿಯೂ ಸ್ವಲ್ಪ ಏರಿತು. ವಿಶ್ವನಾಥ್ ಸರ್ ಸಮಾಧಾನದಿಂದಲೇ ಎದ್ದರು.

"ಮೇಡಂ, ಊಂ ಅಂದ ಮಾತ್ರಕ್ಕೆ ಅರ್ಥ ಆಯ್ತು ಅಂತ ಹೇಗೆ ಹೇಳ್ತೀರಿ? ಅದು ಬರೀ ಅಭ್ಯಾಸ."

ಮಾತು ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ನಮ್ಮಜ್ಜಿ ನಲವತ್ತು ವರ್ಷದ ಹಿಂದೆಯೇ ಕೊಟ್ಟಿದ್ದಳು.

"ಹಾಗಾದ್ರೆ ಎಲ್ಲರೂ ಊಂ ಅನ್ನಿ ಸರ್, ನೀವೂ" ಅಂದು ಏಡಿಯ ಕಥೆ ಶುರು ಮಾಡಿದೆ. ಗದ್ದೆಯಲ್ಲಿ ಒಂದು ಏಡಿ ಇತ್ತು. ಮೇಷ್ಟ್ರು ಇಂಗ್ಲಿಷ್ ಮಾಡುವುದನ್ನು ಮರೆತು ತಾವೇ "ಹೂಂ" ಅಂದುಬಿಟ್ಟರು, ನಾಚಿಕೊಂಡು ಆಮೇಲೆ ತರ್ಜುಮೆ ಮಾಡಿದರು. ದೇವಸ್ಥಾನದ ಮನೆಯಲ್ಲಿ ಹೂಂ, ನಮ್ಮ ಮನೆಯಲ್ಲಿ ಊಂ, ಕಥೆಗೆ ಎರಡೂ ನಡೆಯುತ್ತವೆ. ಮೂವತ್ತು ಜನರೂ ನಗುತ್ತ ಊಂ ಅನ್ನತೊಡಗಿದರು. ವಿಶ್ವನಾಥ್ ಸರ್ ಕೂಡ, ಕೈಗಡಿಯಾರ ನೋಡಿಕೊಳ್ಳುತ್ತ. ಗುದ್ದಲಿ ಬಿತ್ತು, ಊಂ. ಕೈ ಮುರಿಯಿತು, ಊಂ. ಅಳುತ್ತ ಹೊರಟಿತು, ಊಂ. ಏಡಿ ಎರಡೂ ಕೈಯಿಂದ ಕಪ್ಪೆಯ ಮನೆ ಬಾಗಿಲು ತಟ್ಟಿತು.

"ಊಂ" ಅಂದರು ವಿಶ್ವನಾಥ್ ಸರ್, ಎಲ್ಲರಿಗಿಂತ ಮೊದಲು, ಕನ್ನಡದಲ್ಲೇ ಕೇಳಿ.

ಮೇಷ್ಟ್ರ ಇಂಗ್ಲಿಷ್ ಮುಗಿಯಿತೋ ಇಲ್ಲವೋ, ಹಿಂದಿನಿಂದ ಗಿರಣಿ ದನಿ ಬಂತು. "ಅದಕ್ಕೆ ಇರೋದು ಒಂದೇ ಕೈ." ಡೊರೀನ್.

ನಾನು ವಿಶ್ವನಾಥ್ ಸರ್ ಕಡೆ ತಿರುಗಿದೆ. "ಸರ್, ನಿಮ್ಮ ಮನೇಲಿ ಮಾತಿಲ್ವಾ?"

ಮೇಷ್ಟ್ರು ಅದನ್ನು ಇಂಗ್ಲಿಷ್ ಮಾಡಲಿಲ್ಲ. ಮಾಡುವ ಅಗತ್ಯ ಇರಲಿಲ್ಲ, ವಿಶ್ವನಾಥ್ ಸರ್ ಮುಖ ನೋಡಿ ಎಲ್ಲರಿಗೂ ತಿಳಿಯಿತು. ಅವರೂ ನಕ್ಕರು. ಬಹಳ ಚೆನ್ನಾಗಿ ಹೇಳಿದಿರಿ ಮೇಡಂ ಅಂದರು. ನನ್ನ ಕೈ ಕುಲುಕಿದರು. ಆಮೇಲೆ ಮೇಜಿನ ಮೇಲಿದ್ದ ಹಾಳೆಗಳನ್ನು, ಒಂದಕ್ಷರವೂ ತಿದ್ದದೆ, ಎಲ್ಲರಿಗೂ ಹಂಚಿದರು.

ಮತ್ತೆ ನಾಲೆ ದಂಡೆ

ನಾನು ಬಂದ ಹತ್ತು ದಿನಕ್ಕೆ ಅಕ್ಷರದ ಕಾರ್ಡುಗಳ ಪೆಟ್ಟಿಗೆ ಶಾಲೆಗೆ ಬಂತು. ಕಥೆ ಪುಸ್ತಕಗಳನ್ನು ಹಿಂದಕ್ಕೆ ಒಯ್ದರು. ಪೆಟ್ಟಿಗೆ ಗಟ್ಟಿಮುಟ್ಟಾದದ್ದು, ತಗಡಿನದು. ದಿನಾ ಅರ್ಧ ಗಂಟೆ ಅದರ ಮೇಲೆ ಕೂತು ಕಥೆ ಹೇಳುತ್ತೇನೆ. ವೇಳಾಪಟ್ಟಿಯಲ್ಲಿ ಏನು ಬರೆದಿದೆ ಅಂತ ಕೇಳಬೇಡಿ.

ಸ್ಕೇಲನ್ನು ಊರಿಂದ ಬಂದ ಮೊದಲ ದಿನವೇ ಬಿಸಿಯೂಟದ ಒಲೆಗೆ ಕೊಟ್ಟೆ. ಅಡುಗೆಯವಳು, "ಯಾಕ್ ಮಿಸ್, ಸೌದೆ ಐತಲ್ಲ" ಅಂದಳು. ಇರಲಿ ಹಾಕು ಅಂದೆ. ಕ್ಲಾಸಿಗೆ ಬಂದು ಕೂತು, ಒಂದು ಗದ್ದೇಲಿ ಒಂದು ಏಡಿ ಇತ್ತು ಅಂದೆ. ಕಾದೆ.

ಯಾರೂ ಊಂ ಅನ್ನಲಿಲ್ಲ. ಮೂವತ್ತು ಮಕ್ಕಳೂ ಕೈಕಟ್ಟಿ, ಮೇಜಿನ ಮೇಲೆ ಸ್ಕೇಲು ಇರುತ್ತಿದ್ದ ಜಾಗ ನೋಡುತ್ತ ಕೂತಿದ್ದರು. ಅನ್ನಿ ಅಂದರೆ ಅಂದಾರು, ಅದು ಇನ್ನೊಂದು ಕವಾಯತು. ಏನೂ ಹೇಳದೆ ಕಾದೆ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ. ಇಂಗ್ಲೆಂಡಿನ ಮಕ್ಕಳು ಸುಮ್ಮನಿದ್ದದ್ದು ಅವರಿಗೆ ಗೊತ್ತಿಲ್ಲದ್ದಕ್ಕೆ. ಇವರದು ಗೊತ್ತಿದ್ದದ್ದನ್ನು ನಾನು ಮರೆಸಿದ್ದಕ್ಕೆ. ಆ ಮೂರು ದಿನ ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾವ ವಿಶ್ವನಾಥ್ ಸರ್ ಮೇಲೂ ಹಾಕಲಾರೆ.

ನಾಲ್ಕನೆಯ ದಿನ ಚಿಕ್ಕತಾಯಮ್ಮ ಬಿಸಿಯೂಟಕ್ಕೆ ಸೊಪ್ಪು ತಂದವಳು ದಣಿವಾರಿಸಿಕೊಳ್ಳಲು ನಮ್ಮ ಕ್ಲಾಸಿನ ಬಾಗಿಲಲ್ಲಿ ಕುಕ್ಕರಿಸಿದಳು. ಗದ್ದೇಲಿ ಒಂದು ಏಡಿ ಇತ್ತು ಅಂದೆ.

"ಊಂ" ಅಂದಳು ಅವಳು, ಎಲೆ ಅಡಿಕೆ ಮಡಿಸುತ್ತ. ನಾನು ತಡೆದದ್ದು ನೋಡಿ, "ಊಂ ಅಂದ್ನಲ್ಲ ಟೀಚರಮ್ಮ, ಮುಂದ್ಕೋಗಿ. ಇವೇನು, ಉಳ್ಳಿಕಾಳು ಬಾಯ್ಲಿಟ್ಕೊಂಡ್ ಕೂತ್ಕಂಡಂಗೆ ಕೂತವೆ?"

ಯಾರೋ ಕಿಸಕ್ಕೆಂದರು. ಮುಂದಿನ ಮಾತಿಗೆ ಇಬ್ಬರು ಊಂ ಅಂದರು. ಅದರ ಮುಂದಿನದಕ್ಕೆ ಹತ್ತು ಮಂದಿ. ಕೈ ಮುರಿಯುವ ಹೊತ್ತಿಗೆ ಜೇನು ಎದ್ದಿತ್ತು. ಏಡಿ ಎರಡೂ ಕೈಲಿ ಕಪ್ಪೆ ಮನೆ ಬಾಗಿಲು ತಟ್ಟಿತು ಅಂದೆ, ಕಪ್ಪೆ ಬಾಗಿಲು ತೆಗೆಯಲಿಲ್ಲ ಅಂದೆ. ಊಂ ಅಂತು ಕ್ಲಾಸು. ಮಾದೇವಿ ಅನ್ನಲಿಲ್ಲ. ಎದ್ದು ನಿಂತಳು.

"ಸುಳ್ಳು ಮಿಸ್. ಒಂದ್ ಕೈ ಮುರ್ದೋಗಿತ್ತಲ್ಲ. ಒಂದೇ ಕೈಲಿ ತಟ್ಟಿದ್ದು." ಕೂರದೆ ಮತ್ತೆ ಅಂದಳು, "ಅದ್ಕೇ ಮೆಲ್ಲುಗ್ ತಟ್ಟೈತೆ. ಕಪ್ಪೆಗ್ ಕೇಳ್ಸೇ ಇಲ್ಲ. ಕೇಳ್ಸಿದ್ರೆ ತೆಗೀತಿತ್ತು."

ಕಪ್ಪೆ ಯಾಕೆ ಬಾಗಿಲು ತೆಗೆಯಲಿಲ್ಲ ಅಂತ ನಮ್ಮಜ್ಜಿ ಹೇಳಿರಲಿಲ್ಲ. ನಾನು ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಮಾದೇವಿಗೆ ಆ ಪ್ರಶ್ನೆ ಯಾರೂ ಹಾಕಿರಲೂ ಇಲ್ಲ.

ಅವತ್ತು ಕ್ಲಾಸಿನಲ್ಲಿ ಕ್ಯಾಮೆರಾ ಇರಲಿಲ್ಲ. ಅದಕ್ಕೇ ಇದನ್ನು ಬರೆದಿದ್ದು.